ಕೂಗಿ ಎಬ್ಬಿಸುವ ಊರು

ನಮ್ಮೂರಿನಲ್ಲಿ ಯಾರೂ ತಾವಾಗಿ ಏಳುವುದಿಲ್ಲ. ಬೇರೆ ಊರುಗಳಲ್ಲಿ ಕೋಳಿ ಕೂಗಿದರೆ ಏಳುತ್ತಾರಂತೆ, ಬಿಸಿಲು ಮುಖಕ್ಕೆ ಬಿದ್ದರೆ ಏಳುತ್ತಾರಂತೆ, ಸೊಳ್ಳೆ ಕಚ್ಚಿದರೂ ಏಳುತ್ತಾರಂತೆ. ನಮಗೆ ಆ ಭಾಗ್ಯವಿಲ್ಲ. ಪ್ರತಿ ಮನೆಯಲ್ಲೂ ಎಲ್ಲರಿಗಿಂತ ಹಿರಿಯರೊಬ್ಬರು ಇರುತ್ತಾರೆ. ಬೆಳಕು ಬಂದು ಅವರೊಬ್ಬರನ್ನೇ ಎಬ್ಬಿಸುತ್ತದೆ. ಅವರು ಎದ್ದು, ಚೊಂಬಿನಲ್ಲಿ ನೀರು ಹಿಡಿದು, ಮಲಗಿದವರ ತಲೆಯ ಹತ್ತಿರ ನಿಂತು, ಮೂರು ಬೆರಳು ಅದ್ದಿ ಚಿಮುಕಿಸಿ, ಹೆಸರು ಹಿಡಿದು ಮೂರು ಸಲದವರೆಗೂ ಕೂಗಬೇಕು. ಹೆಸರು ನಿದ್ದೆಯೊಳಗೆ ಇಳಿಯುತ್ತದೆ, ಒಳಗಿರುವವರನ್ನು ಹುಡುಕುತ್ತದೆ, ಕೈಹಿಡಿದು ಮೇಲಕ್ಕೆ ತರುತ್ತದೆ. ಹಾಗೆ ನಮ್ಮೂರಿಗೆ ಬೆಳಗಾಗುತ್ತದೆ.

ಕೂಗುವವರು ಯಾರನ್ನು ಕೂಗುತ್ತಿದ್ದೇವೆಂದು ಅರಿತು ಕೂಗಬೇಕು. ಮಲಗಿದವರಿಗೆ ಅದು ತಮ್ಮದೇ ಹೆಸರಾಗಿರಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ನಿದ್ದೆ ಅಲುಗಾಡುವುದಿಲ್ಲ. ಒಂಬತ್ತು ದಿನ ಯಾರೂ ಕೂಗದೆ ಬಿಟ್ಟವರ ನಿದ್ದೆ ಎಷ್ಟು ಆಳಕ್ಕೆ ಹೋಗುತ್ತದೆಂದರೆ, ಆಮೇಲೆ ಯಾವ ಕೂಗೂ ಅಲ್ಲಿಗೆ ಇಳಿಯುವುದಿಲ್ಲ. ಕೆಳಗಿನ ಬೀದಿಯಲ್ಲಿ ಅಂಥದೊಂದು ಮನೆ ಇದೆ. ಅಲ್ಲಿಯ ಹಿರಿಯ ಮರೆಯುತ್ತಿದ್ದ. ಮನೆಯವರು ಹೊರಗೆ ಬಾಯಿ ಬಿಡಲಿಲ್ಲ. ಏಳು ಜನ ಇವತ್ತಿಗೂ ಅಲ್ಲಿ ಉಸಿರಾಡುತ್ತ ಮಲಗಿದ್ದಾರೆ. ಆ ಮನೆಯ ಮುಂದೆ ಹೋಗುವಾಗ ನಾವು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳುತ್ತೇವೆ. ಸದ್ದು ಮಾಡಿದರೆ ಅವರು ಏಳುತ್ತಾರೆಂದಲ್ಲ, ಏಳುವುದಿಲ್ಲ ಎಂಬುದನ್ನು ನೋಡಲಾರೆವು ಎಂದು.

ನಾನು ಹೇಳಹೊರಟದ್ದು ಮೇಲಿನ ಬೀದಿಯ ಒಂದು ಮನೆಯ ವಿಷಯ. ಅಲ್ಲಿ ಇದ್ದವರು ನಾಲ್ಕೇ ಜನ: ಕೂಗುವ ಮುದುಕಿ, ಅವಳ ಮಗ, ಸೊಸೆ, ಏಳು ವರ್ಷದ ಮೊಮ್ಮಗಳು. ಮುದುಕಿ ಮೂವತ್ತು ವರ್ಷದಿಂದ ಕೂಗುತ್ತಿದ್ದಳು. ಅವಳ ಕೂಗು ಎಂಥದೆಂದರೆ, ಅದನ್ನು ಕೇಳಿ ಎದ್ದವರಿಗೆ ಆ ದಿನ ಕೆಟ್ಟದಾಗುವುದಿಲ್ಲ ಎಂದು ಊರೇ ನಂಬಿತ್ತು.

ಒಂದು ಬೆಳಿಗ್ಗೆ ಅವಳು ಸೊಸೆಯ ತಲೆಯ ಹತ್ತಿರ ನಿಂತು, ನೀರು ಚಿಮುಕಿಸಿ, "ಬೋರೀ" ಎಂದು ಕೂಗಿದಳು. ಸೊಸೆಯ ಹೆಸರು ದೇವೀರಿ. ಬೋರಿ ಎಂದರೆ ಮುದುಕಿಯ ತಂಗಿ. ಲಗ್ನಕ್ಕೆ ಮುಂಚೆಯೇ ಸತ್ತುಹೋದವಳು. ಸೊಸೆ ಮಧ್ಯಾಹ್ನದವರೆಗೂ ಮಲಗಿಯೇ ಇದ್ದಳು. ಮುದುಕಿ ಏನನ್ನೋ ಹುಡುಕುತ್ತ ಬಂದವಳು ಅವಳ ಮುಖ ನೋಡಿ, ಅದೇನು ಹೊಳೆಯಿತೋ, "ಇದೇನೇ ದೇವೀರಿ, ಇನ್ನೂ ಮಲಗಿದ್ದೀಯ?" ಎಂದಳು. ಅವಳು ಎದ್ದಳು.

ಸಂಜೆ ಮಗ ಹೆಂಡತಿಯನ್ನು ಹಿತ್ತಲಿಗೆ ಕರೆದ. "ಅವ್ವ ಬೋರಿ ಅಂದ್ರೆ ನೀನು ಬೋರಿ ಅಂತ್ಲೇ ಎದ್ಬುಡು" ಎಂದ.

"ನಂದಲ್ಲದ ಹೆಸರಿಗೆ ನಾನು ಹ್ಯಾಗೆ ಏಳಲಿ?"

"ನಿಂದು ಮಾಡ್ಕೋ. ಏನೀಗ, ಹೆಸರು ತಾನೆ?"

ನಮ್ಮೂರವರಲ್ಲದೆ ಬೇರೆ ಯಾರೂ ಮಾಡಲಾಗದ ತಪ್ಪನ್ನು ಅವರು ಅವತ್ತು ಮಾಡಿದರು. ಮರುದಿನ ಬೆಳಗಿನಿಂದ ಬೈಗಿನವರೆಗೆ ಮಗ ಹೆಂಡತಿಯನ್ನು ಬೋರಿ ಎಂದೇ ಕರೆದ. ಸೊಸೆ ನೀರು ಸೇದುವಾಗ ಪ್ರತಿ ಕೊಡಕ್ಕೂ "ನಾನು ಬೋರಿ" ಎಂದುಕೊಂಡಳು. ರಾಗಿ ಬೀಸುವಾಗ ಪ್ರತಿ ಸುತ್ತಿಗೂ "ನಾನು ಬೋರಿ" ಎಂದುಕೊಂಡಳು. ಸತ್ತವಳ ಹೆಸರನ್ನು ಉಟ್ಟು, ಹೊದ್ದು, ಅದರಲ್ಲೇ ಮಲಗಿದಳು. ಬೆಳಿಗ್ಗೆ ಮುದುಕಿ "ಬೋರೀ" ಎಂದಳು, ಸೊಸೆ ಎದ್ದು ಕುಳಿತಳು. ಮಗ ಗೆದ್ದವನ ಹಾಗೆ ನಕ್ಕ.

ತಿಂಗಳು ಕಳೆಯುವುದರೊಳಗೆ ಅವನ ಸರದಿಯೂ ಬಂತು. ಮುದುಕಿ ಅವನನ್ನು ಚೆಲುವ ಎನ್ನುವುದು ಬಿಟ್ಟು "ಕರಿಗಾ" ಎಂದಳು. ಕರಿಗ ಅವಳ ತಮ್ಮ, ಅವನೂ ಎಂದೋ ಹೋದವನು. ಮಗ ಒಂದೂವರೆ ದಿನ ಮಲಗಿ, ಅದೃಷ್ಟಕ್ಕೆ ಅವಳ ಬಾಯಿಗೆ ಚೆಲುವ ಎಂದೇ ಬಂದಾಗ ಎದ್ದು, ಮರುಮಾತಿಲ್ಲದೆ ಕರಿಗನಾದ. ಎಂಟು ತಿಂಗಳು ಆ ಮನೆಯಲ್ಲಿ ಸತ್ತವರಿಬ್ಬರು ಎದ್ದರು, ಉಂಡರು, ಹೊಲಕ್ಕೆ ಹೋಗಿ ಬಂದರು. ಗಂಡಹೆಂಡಿರಿಗೆ ಅಣ್ಣತಂಗಿಯ ಹೆಸರು! ಬೀದಿಯವರು ಕೇಳಿಯೂ ಕೇಳದವರ ಹಾಗೆ ಇದ್ದರು. ನಾವೂ ಕಮ್ಮಿಯೇನಲ್ಲ. ಒಂದು ಮನೆಯ ಹಿರಿಯರು ಮರೆಯುತ್ತಿದ್ದಾರೆ ಎಂದು ಬಾಯಿ ಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂದು ನಮ್ಮ ಭಯ. ಹೇಳದೆ ಇದ್ದರೆ ಸುಳ್ಳಾಗುತ್ತದೆ ಎಂದು ನಮ್ಮ ಜಾಣತನ.

ಆಮೇಲೊಂದು ಬೆಳಿಗ್ಗೆ ಮುದುಕಿ ಚೊಂಬು ಹಿಡಿದು ಮೊಮ್ಮಗಳ ಚಾಪೆಯ ಹತ್ತಿರ ಬಂದು ನಿಂತಳು. ಬಹಳ ಹೊತ್ತು ನಿಂತಳು. ಬೆರಳಿನಿಂದ ನೀರು ತೊಟ್ಟಿಕ್ಕಿತು. ಅವಳು ಯಾವ ಹೆಸರನ್ನೂ ಕೂಗಲಿಲ್ಲ, ತಿರುಗಿ ಹೊರಟುಹೋದಳು.

ತಪ್ಪು ಹೆಸರು ಕೂಗಿದ್ದರೆ ಆ ಹೆಸರನ್ನಾದರೂ ಮಗುವಿಗೆ ತೊಡಿಸಬಹುದಿತ್ತು. ಆದರೆ ಮುದುಕಿ ನೆನಪಿನಲ್ಲಿ ಹಿಂದಕ್ಕೆ ನಡೆಯುತ್ತ ತಾನು ಹುಟ್ಟಿದ ಮನೆಗೆ ಹೋಗಿ ಸೇರಿದ್ದಳು. ಆ ಮನೆಯಲ್ಲಿ ಅವಳನ್ನು ಬಿಟ್ಟರೆ ಇದ್ದದ್ದು ಒಬ್ಬ ತಮ್ಮ, ಒಬ್ಬ ತಂಗಿ. ನಾಲ್ಕನೆಯ ಮಗು ಅಲ್ಲಿ ಇರಲೇ ಇಲ್ಲ.

"ಅತ್ತೆಮ್ಮ, ಪಚ್ಚೆ ಅನ್ನಿ. ಇವಳು ಪಚ್ಚೆ ಕಣತ್ತೆಮ್ಮ, ನಿಮ್ಮ ಮೊಮ್ಮಗಳು" ಎಂದು ಸೊಸೆ ಅಂಗಲಾಚಿದಳು.

"ಪಚ್ಚೆ" ಎಂದಳು ಮುದುಕಿ, ಹೇಳಿಕೊಟ್ಟದ್ದನ್ನು ಹೇಳುವವರ ಹಾಗೆ. ಮಗುವಿನ ರೆಪ್ಪೆ ಕೂಡ ಅಲುಗಲಿಲ್ಲ.

ಎರಡು ದಿನವಾಯಿತು, ನಾಲ್ಕು ದಿನವಾಯಿತು. ಮಗ "ಇವತ್ತು ಕೂಗ್ತಾಳೆ, ನಾಳೆ ಕೂಗ್ತಾಳೆ" ಎಂದು ಅಂಗಳದಲ್ಲಿ ಶತಪಥ ತಿರುಗಿದ. ಆರನೆಯ ದಿನ ಮಗುವಿನ ತುಟಿ ಬಿಳುಚಿಕೊಂಡಿತು. ಅವತ್ತು ಸೊಸೆ ಗಂಡನನ್ನು ಕೇಳಲಿಲ್ಲ. ಸೆರಗು ಬಿಗಿದುಕೊಂಡು ಹಾಡಹಗಲಲ್ಲಿ ಊರ ನಡುವೆ ನಡೆದು, ಕೆರೆ ಏರಿಯ ಮೇಲಿನ ಒರೆಗಾರ್ತಿಯ ಮನೆಗೆ ಹೋದಳು.

ಒರೆಗಲ್ಲಿಗೆ ತಿಕ್ಕಿ ಚಿನ್ನ ನೋಡುವ ಹಾಗೆ ಹಿರಿಯರ ನೆನಪನ್ನು ತಿಕ್ಕಿ ನೋಡುವವಳು ಒರೆಗಾರ್ತಿ. ಅವಳ ಮನೆಯಲ್ಲಿ ಬೇರೆ ಯಾರೂ ಇಲ್ಲ. ಬೆಳಕೇ ಅವಳನ್ನು ಎಬ್ಬಿಸುತ್ತದೆ. ಅವಳು ಯಾರ ಬಾಗಿಲಿಗೂ ಕರೆಯದೆ ಹೋಗುವುದಿಲ್ಲ. ಎಷ್ಟೋ ಮನೆಯವರು ಅವಳು ಎದುರಿಗೆ ಬಂದರೆ ದಾರಿ ಬದಲಿಸುತ್ತಾರೆ.

"ಹೆಸರು?" ಎಂದಳು ಒರೆಗಾರ್ತಿ.

ಸೊಸೆ ಬಾಯಿ ತೆರೆದಳು. ಎಂಟು ತಿಂಗಳ ಅಭ್ಯಾಸ ನಾಲಿಗೆಯ ತುದಿಗೆ ಬಂದು ಕೂತಿತ್ತು. ಅವಳು ಅದನ್ನು ನುಂಗಿಕೊಂಡು, "ದೇವೀರಿ" ಎಂದಳು, ಎಂದವಳೇ ಗೊಳೋ ಎಂದು ಅತ್ತಳು. ಅಳುತ್ತಲೇ ಎಲ್ಲವನ್ನೂ ಹೇಳಿದಳು.

ಒರೆಗಾರ್ತಿ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು. "ನಾಳೆಯಿಂದ ಮೂರು ದಿನ ಬರ್ತೀನಿ. ಅಲ್ಲೀವರೆಗೆ ನೀನು ಬೋರಿಯಾಗೇ ಮಲಗು. ನೀನೂ ಏಳದೆ ಹೋದ್ರೆ ಆ ಮಗು ಬಾಯಿಗೆ ನೀರು ಬಿಡೋರು ಯಾರು?"

"ಮೂರು ದಿನಾನಾ? ನಾಳೆಗೇ ಏಳು ದಿನ ಆಯ್ತದೆ!"

"ಗೊತ್ತು ಕಣವ್ವ. ಅವಸರಕ್ಕೆ ನೋಡಿದ್ರೆ ಅವಸರದ ಮಾತು ಹೇಳ್ತೀನಿ. ಅದು ಸುಳ್ಳಾದ್ರೆ ನಿನ್ನ ಮಗೂನೂ ಹೋಯ್ತು, ಆ ದೊಡ್ಡವ್ವನ ಮರ್ಯಾದೇನೂ ಹೋಯ್ತು."

ಮೊದಲ ದಿನ ಒರೆಗಾರ್ತಿ ನೆನಪಿನ ಮಾತೇ ಎತ್ತಲಿಲ್ಲ. ಮುದುಕಿಯ ಕಿವಿಯೊಳಗೆ ಬೆಳಕು ಹಿಡಿದು ನೋಡಿದಳು. ಕಣ್ಣಿನ ಕೆಳರೆಪ್ಪೆ ಎಳೆದು ರಕ್ತದ ಬಣ್ಣ ನೋಡಿದಳು. ಕುತ್ತಿಗೆ ಸವರಿ ಗಂಟು ಇದೆಯೇ ಎಂದು ನೋಡಿದಳು, ನಾಲಿಗೆ ನೋಡಿದಳು. ಊಟ ಸೇರುತ್ತದೆಯೇ, ಯಾವ ಮದ್ದು ಕುಡಿಯುತ್ತೀರಿ, ಒಬ್ಬರೇ ಇದ್ದಾಗ ಅಳು ಬರುತ್ತದೆಯೇ ಎಂದು ಕೇಳಿದಳು.

ಮಗನಿಗೆ ಸಿಟ್ಟು ಬಂತು. "ನಮ್ಮವ್ವನ ಕಿವಿ ನೋಡೋಕಾ ನೀನು ಬಂದಿದ್ದು? ಅತ್ಲಾಗೆ ಮಗು ಸಾಯ್ತಾ ಐತೆ!"

"ಕಿವಿ ಕೇಳದವರೂ ಮರೆತವರ ಹಾಗೆ ಕಾಣ್ತಾರಪ್ಪ. ರಕ್ತ ಕೆಟ್ಟವರೂ ಹಾಗೇ, ದುಃಖ ಹೊತ್ಕೊಂಡು ಕೂತವರೂ ಹಾಗೇ. ಅದಕ್ಕೆಲ್ಲ ಮದ್ದು ಐತೆ. ಅದು ಹೌದಾ ಅಂತ ಮೊದಲು ನೋಡಬೇಕು" ಎಂದಳು ಒರೆಗಾರ್ತಿ.

ಅದು ನಿಜವೇ. ನಡುಬೀದಿಯ ಒಬ್ಬ ಹಿರಿಯನನ್ನು ಮನೆಯವರೆಲ್ಲ ಮರೆತವನೆಂದು ಮೂಲೆಗೆ ಕೂರಿಸಿದ್ದರು. ಒರೆಗಾರ್ತಿ ಹೋಗಿ ಅವನ ಕಿವಿಯಿಂದ ಕಡಲೆಕಾಳಿನಷ್ಟು ಗುಗ್ಗೆ ತೆಗೆದಳು, ಅಷ್ಟೆ. ಇವತ್ತು ಅವನು ಕೂಗುವ ಅಬ್ಬರಕ್ಕೆ ಅಕ್ಕಪಕ್ಕದ ಮನೆಯ ಮುದುಕರು ಬಯ್ಯುತ್ತಾರೆ. ಆದರೆ ಈ ಮುದುಕಿಯ ಕಿವಿ ಶುದ್ಧವಾಗಿತ್ತು. ರಕ್ತ ಕೆಂಪಾಗಿತ್ತು. ಕುತ್ತಿಗೆ ಮೃದುವಾಗಿತ್ತು.

ಎರಡನೆಯ ದಿನ ಒರೆಗಾರ್ತಿ ಮುದುಕಿಯ ಎದುರಿಗೆ ಕೂತು, "ದೊಡ್ಡವ್ವ, ಮೂರು ಮಾತು ಹೇಳ್ತೀನಿ, ಜೋಪಾನವಾಗಿ ಇಟ್ಕೊಂಡಿರಿ. ಒನಕೆ. ಬೆಲ್ಲ. ನವಿಲು. ಆಮೇಲೆ ಕೇಳ್ತೀನಿ" ಎಂದಳು. ಮುದುಕಿ ಮೂರನ್ನೂ ಅಂದು ತೋರಿಸಿದಳು. ಆಮೇಲೆ ಒರೆಗಾರ್ತಿ ರಂಗೋಲಿ ಪುಡಿಯ ಬಟ್ಟಲು ಮುಂದಿಟ್ಟು, "ನಿಮ್ಮ ಮನೆ ಬಿಡಿಸಿ. ಯಾರು ಎಲ್ಲಿ ಮಲಗ್ತಾರೆ ಅಂತ ಚಾಪೇನೂ ಬಿಡಿಸಿ" ಎಂದಳು.

ಮುದುಕಿ ಬಗ್ಗಿ ಕೂತು ಬಿಡಿಸಿದಳು. ಒಲೆ ಬಂತು, ಒಲೆಯ ಪಕ್ಕ ಸೌದೆ ಬಂತು, ಬೀಸುಕಲ್ಲು ಬಂತು, ಕರು ಕಟ್ಟುವ ಗೂಟ ಬಂತು, ಸೂರಿನಿಂದ ಇಳಿಬಿಟ್ಟ ನೆಲುವು ಬಂತು, ನೆಲುವಿನ ಮೇಲೆ ಮೊಸರಿನ ಗಡಿಗೆಯೂ ಬಂತು. ಗೆರೆ ಗೆರೆಗೂ ಮನೆ ನೆಲದಿಂದ ಏಳುತ್ತಿತ್ತು. ನೋಡುತ್ತಿದ್ದ ಮೂವರೂ ಹತ್ತಿರ ಬಗ್ಗಿದರು. ಅದು ಅವರ ಮನೆಯಾಗಿರಲಿಲ್ಲ. ಕೊನೆಗೆ ಒಂದು ಕೋಣೆಯಲ್ಲಿ ಮೂರು ಪುಟ್ಟ ಚಾಪೆಗಳು ಬಂದವು.

"ಇದು ಯಾರು ದೊಡ್ಡವ್ವ?"

"ಕರಿಗ."

"ಇದು?"

"ಬೋರಿ. ಒದೀತಾಳೆ ನಿದ್ದೇಲಿ, ಅದ್ಕೇ ಗೋಡೆ ಕಡೆ."

"ಇದು?"

"ಅಯ್ಯೋ, ಇದು ನಾನಲ್ವಾ?" ಎಂದು ಮುದುಕಿ ನಕ್ಕಳು.

ಆ ಮನೆ ಬಿದ್ದು ಅರುವತ್ತು ವರ್ಷವಾಗಿತ್ತು. ಅದರ ಜಾಗದಲ್ಲಿ ಈಗ ಕಳ್ಳಿ ಬೆಳೆದಿದೆ. ಆದರೂ ಅವತ್ತು ನೆಲದ ಮೇಲೆ ಅದು ಒಂದು ತೊಲೆಯೂ ಮುಕ್ಕಾಗದೆ ನಿಂತಿತ್ತು. ಅದನ್ನು ತುಳಿಯಲು ಯಾರಿಗೂ ಕಾಲು ಬರಲಿಲ್ಲ. ಇಷ್ಟು ಚೆಂದದ ಮನೆ ಕಣ್ಣ ಮುಂದೆ ಇರುವವಳಿಗೆ ತಾವು ಹೇಗೆ ಕಾಣಬೇಕು ಎಂದು ಸೊಸೆಗೆ ಅನ್ನಿಸಿತು. ಅವಳಿಗೆ ಎಂಟು ತಿಂಗಳಲ್ಲಿ ಮೊದಲ ಸಲ ಅತ್ತೆಯ ಮೇಲೆ ಸಿಟ್ಟು ಬರಲಿಲ್ಲ.

"ಆಗ ಮೂರು ಮಾತು ಕೊಟ್ಟಿದ್ನಲ್ಲ, ಏನದು?" ಎಂದಳು ಒರೆಗಾರ್ತಿ.

"ಬೆಲ್ಲ" ಎಂದಳು ಮುದುಕಿ. ಉಳಿದೆರಡು ಬರಲಿಲ್ಲ. ಒರೆಗಾರ್ತಿಯ ಹಿಂದೆ ನಿಂತಿದ್ದ ಮಗ ಎರಡು ಕೈಯೆತ್ತಿ ಕುಟ್ಟುವ ಹಾಗೆ ಸನ್ನೆ ಮಾಡಿದ. ಮುದುಕಿ ಅವನನ್ನು ಮಿಕಿಮಿಕಿ ನೋಡಿ, "ಇದ್ಯಾಕೆ ಇವನು ಹಿಂಗೆ ಕುಣೀತಾನೆ?" ಎಂದಳು.

ಒರೆಗಾರ್ತಿ ತಿರುಗಿ ನೋಡದೆಯೇ ಹೇಳಿದಳು: "ಹೊರಗೆ ಹೋಗಪ್ಪ. ಎಂಟು ತಿಂಗಳಿಂದ ನೀನು ಹೇಳಿಕೊಟ್ಟಿದ್ದು ಸಾಕು."

ಮೂರನೆಯ ದಿನ, ಅಂದರೆ ಮಗು ಮಲಗಿದ ಒಂಬತ್ತನೆಯ ದಿನ, ಅವಳು ಮತ್ತೆ ಬಂದಳು. ಮನುಷ್ಯರಿಗೆ ಒಳ್ಳೆಯ ದಿನ, ಕೆಟ್ಟ ದಿನ ಎಂದಿರುತ್ತದೆ. ಒಂದೇ ದಿನ ನೋಡಿ ಹೇಳಬಾರದು. ಮತ್ತೆ ಮೂರು ಮಾತು ಕೊಟ್ಟಳು, ಮತ್ತೆ ಕೇಳಿದಳು, ಒಂದೂ ಬರಲಿಲ್ಲ. ಇದು ಯಾವ ಕಾಲ, ರಾಗಿ ಬಿತ್ತುವುದೋ ಕೊಯ್ಯುವುದೋ ಎಂದಳು. ಬಾಗಿಲಲ್ಲಿ ಕೊಯ್ದ ರಾಗಿಯ ತೆನೆ ರಾಶಿಯಾಗಿ ಬಿದ್ದಿತ್ತು; ಮುದುಕಿ ಅದನ್ನು ನೋಡುತ್ತಲೇ "ಬಿತ್ತಬೇಕು, ಮಳೆ ಬರಲಿ" ಎಂದಳು. ಒರೆಗಾರ್ತಿ ಎದ್ದು ಮಗನನ್ನೂ ಸೊಸೆಯನ್ನೂ ಅಂಗಳಕ್ಕೆ ಕರೆದಳು.

"ಒರೆ ನೋಡಿ ಆಯ್ತು. ಮರೀತಾ ಇದ್ದಾರೆ. ಇದು ಹಿಂದಕ್ಕೆ ಬರೋದಲ್ಲ. ಅವರಿಗೆ ಹೇಳ್ತೀನಿ."

ಮಗ ಅವಳ ಕಾಲಿಗೇ ಬಿದ್ದ. "ನಮ್ಗೆ ಹೇಳಿದ್ಯಲ್ಲ, ಸಾಕು ತಾಯಿ. ಅವ್ವಂಗೆ ಹೇಳಬ್ಯಾಡ. ಕುಸಿದುಹೋಗ್ತಾಳೆ. ಕೂಗೋದನ್ನ ನಾನೇ ತಗೋತೀನಿ, ಅವಳಿಗೆ ಗೊತ್ತಾಗದ ಹಂಗೆ."

"ಗೊತ್ತಾಗದ ಹಂಗೆ ತಗೊಳ್ಳೋಕೆ ಅದೇನು ಮಡಕೆನೇನಪ್ಪ? ಕೂಗನ್ನ ಅವರೇ ಕೊಡಬೇಕು. ನಾನು ಮರೀತಾ ಇದೀನಿ ಅಂತ ಗೊತ್ತಿದ್ದೋರು ಮಾತ್ರ ಕೊಡಬಲ್ಲರು. ಕೆಳಗಿನ ಬೀದಿಯ ಆ ಮನೇಲಿ ಯಾರೂ ಹೇಳಲಿಲ್ಲ. ಅದಕ್ಕೇ ಆ ಮುದುಕ ಕೊಡಲಿಲ್ಲ."

ಅವಳು ಒಳಗೆ ಹೋಗಿ ಮುದುಕಿಯ ಮೊಣಕಾಲಿಗೆ ಮೊಣಕಾಲು ತಗಲುವ ಹಾಗೆ ಕೂತಳು. ಎರಡೂ ಕೈ ಹಿಡಿದುಕೊಂಡಳು. ಸೊಸೆ ಬಾಗಿಲಲ್ಲಿ ನಿಂತಳು. ಅವಳ ಬೆನ್ನ ಹಿಂದೆ ಕೋಣೆಯಲ್ಲಿ ಮಗು ಮಲಗಿತ್ತು, ಹೊತ್ತು ಆಗಲೇ ಪಡುವಣಕ್ಕೆ ಜಾರುತ್ತಿತ್ತು.

"ದೊಡ್ಡವ್ವ, ಒಂದು ಮಾತು ಹೇಳ್ತೀನಿ. ನಿಮ್ಮ ಕಿವಿ ಚೆನ್ನಾಗೈತೆ, ಕಣ್ಣು ಚೆನ್ನಾಗೈತೆ. ನೆನಪು ಸವೀತಾ ಐತೆ. ಇನ್ನೂ ಸವೀತದೆ. ಇದು ನಿಮ್ಮ ತಪ್ಪಲ್ಲ, ಯಾರ ಶಾಪಾನೂ ಅಲ್ಲ."

ಮುದುಕಿ ಕುಸಿಯಲಿಲ್ಲ. ಹೊತ್ತ ಕೊಡವನ್ನು ಇಳಿಸಿದವಳ ಹಾಗೆ ಅವಳ ಭುಜ ಸಡಿಲವಾಯಿತು.

"ನಂಗೊತ್ತಿತ್ತು ಕಣವ್ವ" ಎಂದಳು. "ಬೆಳಕು ಎಬ್ಬಿಸ್ತದೆ, ಎದ್ದು ನಿಲ್ತೀನಿ. ಚಾಪೆ ಮೇಲೆ ಮಲಗಿರೋರು ಯಾರು ಅಂತ ನೋಡ್ತೀನಿ. ಯಾರೋ ಒಬ್ಬ ಗಂಡಸು, ಯಾರೋ ಒಬ್ಬ ಹೆಂಗಸು. ಭಯ ಆಯ್ತದೆ. ಆಮೇಲೆ ಬೋರಿ ಹಂಗೆ, ಕರಿಗನ ಹಂಗೆ ಕಾಣ್ತಾರೆ, ಕೂಗ್ತೀನಿ. ಕೂಗಿದ್ರೆ ಎದ್ದು ಕೂತ್ಕೋತಾರೆ! ಹಂಗಾದ್ರೆ ನಾನೇ ಸರಿ ಇರಬೇಕು, ಇವರು ಬೋರೀನೇ ಇರಬೇಕು ಅನ್ಕೋತೀನಿ. ಆದ್ರೆ ಬೋರೀನ ನಾನೇ ಮಣ್ಣು ಮಾಡಿ ಬಂದಿದ್ದೆನಲ್ಲ ಅಂತ ಒಂದೊಂದ್ಸಲ ನೆನಪಾಯ್ತದೆ. ಆಗ ಇನ್ನೂ ಭಯ. ಯಾರೂ ಕೇಳಲಿಲ್ಲ. ಕೇಳಿದ್ರೆ ಹೇಳ್ತಿದ್ದೆ."

ಮಗ ಹೊಸ್ತಿಲ ಮೇಲೆ ಕೂತು ಮುಖ ಮುಚ್ಚಿಕೊಂಡ. ತಾಯಿಯನ್ನು ಕಾಪಾಡುತ್ತಿದ್ದೇನೆ ಎಂದುಕೊಂಡು ಅವನು ಎಂಟು ತಿಂಗಳು ಅವಳನ್ನು ಸತ್ತವರ ನಡುವೆ ಒಂಟಿಯಾಗಿ ಬಿಟ್ಟಿದ್ದ. ಅದು ಅವನಿಗೆ ಆಗ ತಿಳಿಯಿತು.

"ಕೂಗನ್ನ ಯಾರಿಗೆ ಕೊಡ್ತೀರಿ?" ಎಂದಳು ಒರೆಗಾರ್ತಿ.

ಮುದುಕಿ ಮಗನನ್ನು ನೋಡಿದಳು, ಸೊಸೆಯನ್ನು ನೋಡಿದಳು. ಇಬ್ಬರ ಹೆಸರೂ ಅವಳಿಗೆ ಬರಲಿಲ್ಲ. "ಇವರಲ್ಲಿ ನಿನ್ನ ಕರ್ಕೊಂಡು ಬಂದೋರು ಯಾರು?"

ಒರೆಗಾರ್ತಿ ಸೊಸೆಯ ಕಡೆ ತೋರಿಸಿದಳು.

ಮುದುಕಿ ಚೊಂಬು ತರಿಸಿ, ನೀರು ತುಂಬಿಸಿ, ಎದ್ದು ನಿಂತಳು. "ನಾನು ಮರೀತಾ ಇದೀನಿ. ಇನ್ನು ಕೂಗು ನಿಂದು" ಎಂದು ಸೊಸೆಯ ಕೈಗಿಟ್ಟಳು. ಮೂವತ್ತು ವರ್ಷದಿಂದ ಅವಳನ್ನು ಎಬ್ಬಿಸಿದ ಬೆಳಕು ಅವಳ ಮುಖದಿಂದ ಇಳಿದು ಸೊಸೆಯ ಮುಖಕ್ಕೆ ಏರಿದ್ದನ್ನು ತಾನು ಕಣ್ಣಾರೆ ಕಂಡೆ ಎಂದು ಒರೆಗಾರ್ತಿ ಹೇಳುತ್ತಾಳೆ. ಅವಳು ಇಲ್ಲದ್ದನ್ನು ಹೇಳುವವಳಲ್ಲ.

"ಇನ್ನೊಂದು ಐತೆ. ನಾಳೆಯಿಂದ ನಿಮ್ಮನ್ನೂ ಕೂಗಿ ಎಬ್ಬಿಸಬೇಕು. ಅತ್ತೆ, ಅವ್ವ ಅಂದ್ರೆ ನಿದ್ದೆಗೆ ಕೇಳಿಸಲ್ಲ. ಹೆಸರು ಕೊಡಿ" ಎಂದಳು ಒರೆಗಾರ್ತಿ.

ಮಗ ತಲೆಯೆತ್ತಿದ. ತನಗೆ ತಾಯಿಯ ಹೆಸರು ಗೊತ್ತಿಲ್ಲ ಎಂಬುದು ಅವನಿಗೆ ಆವರೆಗೆ ಹೊಳೆದೇ ಇರಲಿಲ್ಲ. ಅವನಿಗೆ ಬುದ್ಧಿ ಬಂದಾಗಿನಿಂದ ಮನೆಯ ಹಿರಿಯಳನ್ನು ಯಾರೂ ಎಬ್ಬಿಸಬೇಕಾಗಿರಲಿಲ್ಲ, ಹಾಗಾಗಿ ಯಾರೂ ಕೇಳಿರಲಿಲ್ಲ. ಮುದುಕಿ ಸೊಸೆಯ ಕಿವಿಗೆ ಬಾಯಿಟ್ಟು ಏನೋ ಹೇಳಿದಳು. ಅದನ್ನು ಹುಡುಕುವುದಕ್ಕೆ ಅವಳು ಒಂದು ಚಣವನ್ನೂ ತೆಗೆದುಕೊಳ್ಳಲಿಲ್ಲ.

ಸೊಸೆ ಕೋಣೆಗೆ ಓಡಿದಳು. ಹೊತ್ತು ಇನ್ನೂ ಮುಳುಗಿರಲಿಲ್ಲ. ಬೆರಳು ಅದ್ದಿ ಚಿಮುಕಿಸಿ, "ಪಚ್ಚೇ" ಎಂದಳು. ಏನೂ ಆಗಲಿಲ್ಲ. "ಪಚ್ಚೇ" ಎಂದಳು. ಮಗುವಿನ ಗಂಟಲು ಅಲುಗಿತು. ಮೂರನೆಯ ಸಲ ಅವಳ ಕೂಗು ಕೆರೆ ಏರಿಯವರೆಗೂ ಕೇಳಿಸಿತಂತೆ. ಒಂಬತ್ತು ದಿನದ ಆಳದಿಂದ ಮಗು ಮೇಲೆ ಬಂತು, ಕಣ್ಣು ಬಿಟ್ಟಿತು, "ಹಸಿವು" ಎಂದಿತು. ಮನೆಯವರೆಲ್ಲ ಅಳುತ್ತ ಅಡುಗೆಮನೆಗೆ ನುಗ್ಗಿದರು. ಮೂರು ಜನ ಸೇರಿ ಒಂದು ಬಟ್ಟಲು ಅಂಬಲಿ ಕಾಯಿಸಲು ಅವರಿಗೆ ಬಹಳ ಹೊತ್ತು ಹಿಡಿಯಿತು.

ಮರುದಿನ ಬೆಳಕು ಬಂದು ಸೊಸೆಯನ್ನು ಎಬ್ಬಿಸಿತು. ಯಾರ ಧ್ವನಿಯೂ ಇಲ್ಲದೆ ಏಳುವುದು ಎಂದರೆ ಏನೆಂದು ಅವಳು ಅವತ್ತು ಕಂಡಳು. ಮನೆ ತುಂಬ ಉಸಿರು, ಮನೆ ತುಂಬ ಮುಚ್ಚಿದ ಕಣ್ಣು. ಎಲ್ಲರನ್ನೂ ತರಬೇಕಾದವಳು ತಾನೊಬ್ಬಳೇ. ಈ ಹೆಂಗಸು ಮೂವತ್ತು ವರ್ಷ ಇದನ್ನು ಹೇಗೆ ಹೊತ್ತಳಪ್ಪ ಎಂದುಕೊಂಡು ಚೊಂಬು ಕೈಗೆತ್ತಿಕೊಂಡಳು.

ಮಗಳನ್ನು ಕೂಗಿ ಎಬ್ಬಿಸಿದಳು. ಆಮೇಲೆ ಗಂಡನ ತಲೆಯ ಹತ್ತಿರ ನಿಂತಳು. ಲಗ್ನವಾದಾಗಿನಿಂದ ಅವನ ಹೆಸರು ಅವಳ ಬಾಯಲ್ಲಿ ಬಂದಿರಲಿಲ್ಲ. ನಮ್ಮೂರಿನಲ್ಲಿ ಗಂಡನ ಹೆಸರು ಹೇಳುವ ಹೆಂಗಸರೆಂದರೆ ಕೂಗುವವರು ಮಾತ್ರ. "ಚೆಲುವಾ" ಎಂದಳು, ನಾಚಿಕೊಂಡು ಮೂರು ಸಲ. ಕರಿಗನ ಹೆಸರಿನಲ್ಲಿ ಮಲಗಲು ಅವನಿಗೂ ಸಾಕಾಗಿತ್ತೇನೋ, ತಟ್ಟನೆ ಎದ್ದ.

ಕೊನೆಗೆ ಅತ್ತೆಯ ಚಾಪೆ. ಮುದುಕಿ ಕೈಯನ್ನು ಕೆನ್ನೆಯ ಅಡಿಗಿಟ್ಟು ಮಲಗಿದ್ದಳು. ಬೆಳಕು ಮುಖದ ಮೇಲೆಲ್ಲ ಬಿದ್ದಿತ್ತು. ಮೂವತ್ತು ವರ್ಷದಲ್ಲಿ ಮೊದಲ ಸಲ ಅದು ಅವಳನ್ನು ಮುಟ್ಟಿಯೂ ಎಬ್ಬಿಸಿರಲಿಲ್ಲ. ಸೊಸೆ ನೀರು ಚಿಮುಕಿಸಿದಳು. "ಅತ್ತೆಮ್ಮ" ಎಂದಳು. ಮುದುಕಿ ಅಲುಗಲಿಲ್ಲ. ಹೆಸರು ಗೊತ್ತಿತ್ತು, ಆದರೆ ಅತ್ತೆಯನ್ನು ಹಾಗೆ ಕರೆಯಲು ನಾಲಿಗೆ ಏಳಲಿಲ್ಲ. ಅದಕ್ಕೊಂದು ಮರ್ಯಾದೆ ಸೇರಿಸಿ, "ಕೆಂಪಮ್ಮನೋರೇ" ಎಂದಳು. ಮುದುಕಿ ಅಲುಗಲಿಲ್ಲ. "ಕೆಂಪಮ್ಮನೋರೇ" ಎಂದು ಮತ್ತೆ ಕರೆದಳು. ಆ ಹೆಸರಿನವರು ಯಾರೂ ಆ ನಿದ್ದೆಯೊಳಗೆ ಇರಲಿಲ್ಲ.

ಸೊಸೆ ಚಾಪೆಯ ಪಕ್ಕದಲ್ಲಿ ಮಂಡಿಯೂರಿ ಕೂತಳು. ಅತ್ತೆ ಕಿವಿಯಲ್ಲಿ ಹೇಗೆ ಹೇಳಿದ್ದಳೋ ಹಾಗೆಯೇ ಕೂಗಿದಳು.

"ಕೆಂಪೀ."

"ಬಂದೆ ಕಣವ್ವಾ" ಎಂದಳು ಮುದುಕಿ, ಕಣ್ಣು ಮುಚ್ಚಿಕೊಂಡೇ. ಆಮೇಲೆ ಕಣ್ಣು ಬಿಟ್ಟು, ತನ್ನ ಮೇಲೆ ಬಾಗಿದ ಮುಖವನ್ನು ಬಹಳ ಹೊತ್ತು ನೋಡಿದಳು. ಭಯವಿರಲಿಲ್ಲ. "ನೀನು ಯಾರು?"

"ನಾನು ದೇವೀರಿ. ನಿಮ್ಮ ಸೊಸೆ."

"ಹಂಗಾ" ಎಂದಳು ಮುದುಕಿ. ಎದ್ದು ಕೂತಳು, ಅವಳಿಗೆ ಬೆನ್ನು ಮಾಡಿ ತಿರುಗಿದಳು, ಬಿಚ್ಚಿದ ಬಿಳಿ ಕೂದಲನ್ನು ಕೈಯಿಂದ ಹಿಂದಕ್ಕೆ ತಳ್ಳಿದಳು.

"ಜಡೆ ಹಾಕು" ಎಂದಳು.